ಹಗೇವಿನ ಮೇಲೆ ಪಂಚಮಿ

ಶ್ವೇತಾ ಬೆಳಗಿನ ಜಾವ ಎದ್ದು ಬರೆಯುತ್ತಾಳೆ ಎಂಬುದು ಎರಡೂ ಮನೆಗಳಿಗೆ ಗೊತ್ತಿತ್ತು. ಗಜೇಂದ್ರಗಡದ ಗಂಡನ ಮನೆಯವರು ಅದನ್ನೊಂದು ಕಾಯಿಲೆಯಂತೆ ಸಹಿಸಿಕೊಂಡಿದ್ದರು. ಔಷಧವಿಲ್ಲ, ಆದರೆ ಅಂಟುವುದೂ ಇಲ್ಲ. ನರಗುಂದದ ತವರಿನಲ್ಲಿ ಮಾತ್ರ ಅವ್ವ ಬಾಳವ್ವ ಪ್ರತಿ ನಾಗರ ಪಂಚಮಿಗೂ ಅದೇ ಮಾತು ಹೇಳುತ್ತಿದ್ದಳು: ದೇವರೂ ಹಬ್ಬಕ್ಕೆ ಹಾಲು ಕುಡಿದು ಸುಮ್ಮನಿರುತ್ತಾನೆ, ನಿನ್ನ ಪೆನ್ನಿಗೇನು ಧಾಡಿ?

ಹಬ್ಬ ಹತ್ತಿರ ಬಂದಂತೆ ಶ್ವೇತಾ ದಿನ ಎಣಿಸುತ್ತಿದ್ದಳು, ಸಂಭ್ರಮಕ್ಕಲ್ಲ. ಹಬ್ಬವೆಂದರೆ ವಾಕ್ಯ ಅರ್ಧಕ್ಕೆ ನಿಲ್ಲುವುದು. ಬರೆಯದ ದಿನ ಅವಳು ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ಊರೆಲ್ಲ ತಿರುಗುವವಳಂತಿರುತ್ತಿದ್ದಳು. ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಬೇಕೆಂದುಕೊಳ್ಳುವಳು, ಹೇಳುತ್ತಿರಲಿಲ್ಲ. ಬಸ್ಸಿಳಿದು ಓಣಿಯ ತಿರುವಿನಲ್ಲಿ ಶೇಂಗಾ ಹುರಿಯುವ ವಾಸನೆ ಬಡಿದರೆ ಸಾಕು, ಆರು ವರ್ಷದ ಹುಡುಗಿಯಾಗಿಬಿಡುವಳು. ಅದೂ ಅವಳಿಗೆ ಇಷ್ಟವಿರಲಿಲ್ಲ. ಆರು ವರ್ಷದ ಹುಡುಗಿಗೆ ಕಾದಂಬರಿ ಬರೆಯಲು ಬರುವುದಿಲ್ಲ.

ಈ ವರ್ಷವೂ ಬಂದಳು. ಅಪ್ಪ ಪ್ರಭುಲಿಂಗಪ್ಪ ಕಾಳಿನ ದಲಾಲಿ ಮಾಡಿದವನು. ಅವನು ತೀರಿಹೋದ ಮೇಲೆ ಪೇಟೆಯ ಅಂಗಡಿಯಿಂದ ಮನೆಗೆ ಬಂದದ್ದು ನೆಲಕ್ಕೆ ಕೂತು ಬರೆಯುವ ಒಂದು ಗಿಡ್ಡ ಮೇಜು ಮತ್ತು ಒಂದು ಹಿತ್ತಾಳೆಯ ತೂಕದ ಕಲ್ಲು. ಎರಡನ್ನೂ ಶ್ವೇತಾ ತನ್ನದಾಗಿಸಿಕೊಂಡಿದ್ದಳು. ಪಡಸಾಲೆಯ ನಡುವೆ ತೊಲೆಯ ಕೊಂಡಿಗಳ ಕೆಳಗೆ ಮೇಜು ಇಟ್ಟುಕೊಂಡು, ಕಾಗದ ಹಾರದಂತೆ ತೂಕದ ಕಲ್ಲು ಹೇರಿ, ಉಳಿದವರು ಏಳುವ ಮುನ್ನ ಬರೆಯುವುದು. ತವರಿನಲ್ಲಿ ಅವಳಿಗೆ ಸಿಗುವ ಏಕಾಂತ ಅಷ್ಟೇ.

ರೊಟ್ಟಿ ಹಬ್ಬದ ಬೆಳಗ್ಗೆ, ಪಂಚಮಿಗೆ ಇನ್ನೆರಡು ದಿನವಿರುವಾಗ, ಮೇಜಿನ ಪಕ್ಕದ ನೆಲದಲ್ಲಿ ಪೆನ್ನು ಇಟ್ಟಳು. ಅದು ಉರುಳಿತು.

ತೆಗೆದು ಮತ್ತೆ ಇಟ್ಟಳು. ಮತ್ತೆ ಉರುಳಿತು, ಮೊದಲಿನ ದಿಕ್ಕಿಗೇ, ಅವಸರವಿಲ್ಲದೆ, ದಾರಿ ಗೊತ್ತಿದ್ದವರ ಹಾಗೆ. ಹೋದ ಪಂಚಮಿಯಲ್ಲಿ ನೆಲಕ್ಕೆ ಹಾಸಿದ ಇದೇ ಪರಸಿ ಕಲ್ಲಿನ ಮೇಲೆ ಇದೇ ಪೆನ್ನು ಇಟ್ಟಲ್ಲೇ ಇರುತ್ತಿತ್ತು. ಶ್ವೇತಾ ಬಗ್ಗಿ ಕಿವಿಯನ್ನು ಕಲ್ಲಿಗೆ ಹಚ್ಚಿದಳು. ಕಲ್ಲು ತಣ್ಣಗಿತ್ತು. ಬಹಳ ಕೆಳಗೆ ಯಾರೋ ಒರಟು ಕಾಗದದ ಮೇಲೆ ಸಣ್ಣಗೆ ಬರೆಯುತ್ತಿದ್ದ ಹಾಗೆ ಕೇಳಿತು. ಗೀಚಿ ನಿಲ್ಲುವುದು, ಮತ್ತೆ ಗೀಚುವುದು. ಮಣ್ಣು ಉದುರುತ್ತಿತ್ತು.

ಆ ಪರಸಿಯ ಕೆಳಗೆ ಹಗೇವು ಇತ್ತು. ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಕಣಜ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನರಗುಂದದ ಹಳೆಯ ಓಣಿಗಳಲ್ಲಿ ಯಾವ ಮನೆಯ ಕೆಳಗೆ ಎಷ್ಟಿವೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಾಲುವೆ ಬಂದ ಮೇಲೆ ನೆಲದೊಳಗಿನ ನೀರು ಮೇಲೇರಿದೆ ಎನ್ನುತ್ತಾರೆ. ಮಳೆಗಾಲದಲ್ಲಿ ಎಲ್ಲೋ ಒಂದು ಅಡುಗೆಮನೆ ಕುಸಿಯುತ್ತದೆ, ಎಲ್ಲೋ ಒಂದು ದನದ ಕೊಟ್ಟಿಗೆ. ಜನ ನೋಡಿ ಬರುತ್ತಾರೆ, ತಗ್ಗಿಗೆ ಗರಸು ಮಣ್ಣು ಸುರಿಯುತ್ತಾರೆ, ಮರೆಯುತ್ತಾರೆ.

ತಮ್ಮ ಸಂಗನಬಸವ ಚಹಾ ಕುಡಿಯುವಾಗ ಅವಳು ಹೇಳಿದಳು. ಅವನು ಪೆನ್ನನ್ನು ತಾನೇ ಉರುಳಿಸಿ ನೋಡಿದ, ಪೆನ್ನು ದುಂಡಗಿದ್ದರೆ ಉರುಳದೆ ಇನ್ನೇನು ಮಾಡೀತು ಎಂದು ನಕ್ಕ. ಹಗೇವನ್ನು ಅಪ್ಪ ಎಂದೋ ತುಂಬಿಸಿದ್ದಾನೆ ಎಂದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಬಾಳವ್ವ ಅಲ್ಲಿಂದಲೇ ತಿದ್ದಿದಳು. ತುಂಬಿಸಿರಲಿಲ್ಲ. ಕಾಳಿನ ದಲಾಲಿಯ ಮನೆಯಲ್ಲಿ ಹಗೇವು ತುಂಬಿಸಿದರೆ ಮನೆಯ ಬರಕತ್ತು ಮುಚ್ಚಿದಂತೆ. ಒಂದು ಬೊಗಸೆ ಜೋಳ ಹಾಕಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಪರಸಿ ಹಾಸಿದ್ದಾನೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಹಾಗಾದರೆ ಈಗಲೇ ಕಲ್ಲು ಎತ್ತಿಸಿ ನೋಡೋಣ ಎಂದಳು ಶ್ವೇತಾ.

ಚಹಾದ ಬಟ್ಟಲು ಹಿಡಿದ ಸಂಗನಬಸವ ಅವಳನ್ನು ನೋಡಿದ. "ಅಕ್ಕಾ, ಪಂಚಮ್ಯಾಗ ನೆಲಾ ಅಗೀತಾರೇನು? ಹಬ್ಬ ಆಗ್ಲಿ, ಗೌಂಡಿ ಗೌಸುಸಾಬಗ ಹೇಳ್ತೀನಿ. ಅಂವಾನೂ ಈಗ ಬರಂಗಿಲ್ಲ. ಅವಗೂ ಗೊತ್ತೈತಿ."

ಅದು ನಿಜ. ನಾಗಪ್ಪನ ದಿನಗಳಲ್ಲಿ ಈ ಸೀಮೆಯಲ್ಲಿ ಯಾರೂ ಮಣ್ಣಿಗೆ ಹಾರೆ ಹಾಕುವುದಿಲ್ಲ. ಹೊಲದಲ್ಲಿ ಕುಂಟೆ ಹೊಡೆಯುವುದಿಲ್ಲ, ಮನೆಯಲ್ಲಿ ಈಳಿಗೆ ಹಚ್ಚುವುದಿಲ್ಲ.

"ಪುಸ್ತಕದಾಗ ಒಮ್ಮೆ ನನ್ನ ಕೊಂದೀದಿ," ಎಂದಳು ಬಾಳವ್ವ, ರೊಟ್ಟಿ ತಿರುವುತ್ತ. "ಈಗ ಮನೀನೂ ಕೆಡವಬ್ಯಾಡವಾ."

ಸೊಸೆ ಮಹೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶ್ವೇತಾಳ ಹಿಂದಿನ ಕಾದಂಬರಿಯಲ್ಲಿ ಮೆಣಸಗಿಯಂಥ ಊರಿಗೆ ಹೊಳೆ ನುಗ್ಗುತ್ತದೆ, ಮನೆ ಬಿಡಲು ಒಪ್ಪದ ಮುದುಕಿಯೊಬ್ಬಳು ಕೊಚ್ಚಿಹೋಗುತ್ತಾಳೆ. ಮೆಣಸಗಿ ಬಾಳವ್ವನ ತವರು. ಸಂಗನಬಸವನ ಮಗಳು ಚಿನ್ನು ಓದಿ ಹೇಳಿದಾಗ, ತಾನು ಸತ್ತ ಪುಟವನ್ನು ಬಾಳವ್ವ ಮತ್ತೊಮ್ಮೆ ಓದಿಸಿಕೊಂಡಿದ್ದಳು. ಆ ಮೇಲೆ ಮಗಳು ಯಾವ ಅಪಾಯದ ಸುದ್ದಿ ಎತ್ತಿದರೂ ಅದು ಮುಂದಿನ ಪುಸ್ತಕಕ್ಕೆ ಎಂದೇ ಮನೆಯವರ ಲೆಕ್ಕ.

ಮಧ್ಯಾಹ್ನ ಪಕ್ಕದ ಮನೆಯ ಮದರಬಿ, ಹಬ್ಬಕ್ಕೆ ನೆರೆಯವರಿಗೆ ಹಂಚುವ ರೊಟ್ಟಿಯ ಬುಟ್ಟಿ ಒಯ್ಯಲು ಬಂದಳು. ಮಾತಿಗೆ ಮಾತು ಬಂದು, ತಮ್ಮ ಬಚ್ಚಲ ಕಲ್ಲು ಈ ಮಳೆಗೆ ಗೇಣುದ್ದ ಇಳಿದಿದೆ, ನೀರು ಎಲ್ಲಿ ಹೋಗುತ್ತದೋ ತಿಳಿಯದು ಎಂದಳು. ಶ್ವೇತಾ ಅವ್ವನ ಮುಖ ನೋಡಿದಳು. ಬಾಳವ್ವ ಮದರಬಿಯ ಬುಟ್ಟಿಗೆ ಇನ್ನೆರಡು ಸಜ್ಜಿರೊಟ್ಟಿ ಹಾಕಿದಳು.

ಮರುದಿನ ಚೌತಿ, ನಾಗಪ್ಪನಿಗೆ ಹಾಲೆರೆಯುವುದು. ಉಳಿದವರು ಹುತ್ತಕ್ಕೆ ಹೋಗುತ್ತಾರೆ. ಈ ಮನೆಯಲ್ಲಿ ಮಾತ್ರ ಹಗೇವಿನ ಬಾಯಿಗೆ ಹಾಸಿದ ಪರಸಿಯ ಮೇಲೇ ಮಣ್ಣಿನ ನಾಗಪ್ಪನನ್ನು ಇಟ್ಟು ಪೂಜಿಸುವ ರೂಢಿ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗಪ್ಪ. ಪ್ರತಿ ವರ್ಷ ಹಾಲು ಪರಸಿಯ ಮೇಲೆ ಹರಡಿ, ಹೊಸ್ತಿಲ ಕಡೆ ಹರಿದು, ಮಹೇಶ್ವರಿ ಆಮೇಲೆ ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಿದ್ದಳು.

ಈ ಸಲ ಒರೆಸಲು ಏನೂ ಉಳಿಯಲಿಲ್ಲ. ಬಾಳವ್ವ ಎರೆದ ಹಾಲು ನಾಗಪ್ಪನ ಬೆನ್ನಿನಿಂದ ಇಳಿದು ಎರಡು ಪರಸಿಗಳ ಸಂದಿಗೆ ಹೋಯಿತು. ಅಪ್ಪನ ಪಾಲು, ಅವ್ವನ ಪಾಲು, ಅಣ್ಣತಮ್ಮಂದಿರ ಪಾಲು ಎಂದು ಒಬ್ಬೊಬ್ಬರಾಗಿ ಎರೆದರು. ಸಂದಿ ಎಲ್ಲವನ್ನೂ ತೆಗೆದುಕೊಂಡಿತು, ಒಂದು ಹನಿಯೂ ನೆಲದಲ್ಲಿ ನಿಲ್ಲಲಿಲ್ಲ.

ಬಾಳವ್ವನ ಕಣ್ಣು ತುಂಬಿದವು. "ನಾಗಪ್ಪ ಕುಡದಾನ," ಎಂದಳು. "ನಾ ಬಂದಾಗಿಂದ ಹಿಂಗ ಕುಡದಿದ್ದ ಇಲ್ಲ."

ಮಹೇಶ್ವರಿ ಕೈಮುಗಿದಳು. ಸಂಗನಬಸವ ಫೋನಿನಲ್ಲಿ ಚಿತ್ರ ತೆಗೆದ. ಶ್ವೇತಾಳ ಸರದಿ ಬಂದಾಗ ಅವಳು ಸಂದಿಯ ಹತ್ತಿರಕ್ಕೆ ಬಗ್ಗಿ ಎರೆದಳು. ಹಾಲು ಹೋದ ದಾರಿಯಿಂದ ತಂಪು ಗಾಳಿಯ ಒಂದು ಎಳೆ ಅವಳ ಮುಂಗೈಗೆ ತಾಗುತ್ತಿತ್ತು. ಮುಗ್ಗಿದ ಜೋಳದ ವಾಸನೆ. ಹೇಳಲು ಬಾಯಿ ತೆರೆದಳು, ಅವ್ವ ಮೆಲ್ಲಗೆ ಅವಳ ತುಟಿಯ ಮೇಲೆ ಹಾಲಿನ ಬೆರಳಿಟ್ಟಳು. ಹಬ್ಬದ ದಿನ ಕೆಟ್ಟದ್ದು ನುಡಿಯಬಾರದು.

ಅಂದು ಶ್ವೇತಾಳಿಗೆ ತನ್ನ ಬಗ್ಗೆಯೇ ಹೇಸಿಗೆಯಾದದ್ದು ಬೇರೊಂದು ಕಾರಣಕ್ಕೆ. ಹಾಲು ಇಂಗುವಾಗ ಹೆದರಿಕೆಯ ಜೊತೆಗೇ ಅವಳ ತಲೆಯಲ್ಲಿ ಒಂದು ವಾಕ್ಯ ತಯಾರಾಗಿತ್ತು. ಚೆನ್ನಾಗಿಯೇ ಇತ್ತು ಅದು.

ಪಂಚಮಿಯ ಬೆಳಗ್ಗೆ ಸಂಗನಬಸವ ಮಣ್ಣಿನ ನಾಗಪ್ಪನನ್ನು ದೇವರ ಜಗಲಿಗೆ ಎತ್ತಿಟ್ಟು, ಏಣಿ ಹಾಕಿ ತೊಲೆಯ ಕೊಂಡಿಗಳಿಗೆ ಜೋಕಾಲಿಯ ಹಗ್ಗ ಬಿಗಿದ. ಚಿನ್ನು ಕೆಳಗೆ ನಿಂತು ಮಣೆ ಹಿಡಿದುಕೊಂಡು ಕುಣಿಯುತ್ತಿದ್ದಳು. ಓಣಿಯ ಹೆಣ್ಣುಮಕ್ಕಳು ಊಟವಾದ ಮೇಲೆ ಬರುವವರಿದ್ದರು. ಈ ಪಡಸಾಲೆಯ ಜೋಕಾಲಿ ಅವರಿಗೆಲ್ಲ ಇಷ್ಟ, ಇಬ್ಬರು ಎದುರುಬದುರು ನಿಂತು ಜೀಕಿದರೆ ಕಾಲು ಅಟ್ಟಕ್ಕೆ ತಾಗುತ್ತದೆ. ಹಾಗೆ ಜೀಕುವಾಗ ಇಡೀ ಪಡಸಾಲೆ ನಡುಗುತ್ತದೆ. ಇಳಿಯುವವರು ಒಬ್ಬೊಬ್ಬರೂ ಅದೇ ಪರಸಿಯ ಮೇಲೆ ಧುಮುಕುತ್ತಾರೆ. ಮೊದಲು ಚಿನ್ನು.

ಶ್ವೇತಾ ಒಳಗೆ ಹೋದಳು. ಗಿಡ್ಡ ಮೇಜನ್ನು ಎತ್ತಿಕೊಂಡು ಬಂದು ಹಗ್ಗಗಳ ನಡುವೆ ಇಟ್ಟಳು. ಕಾಗದ ಹರಡಿದಳು, ತೂಕದ ಕಲ್ಲು ಇಟ್ಟಳು, ಗೋಡೆಯ ಕಡೆಯ ಪರಸಿಯ ಮೇಲೆ ಮೆಲ್ಲಗೆ ಕೂತಳು. ಬೆಳಗಿನ ಜಾವಗಳಲ್ಲಿ ತನ್ನ ಭಾರವನ್ನು ನೆಲ ತಾಳಿದೆ, ಇಂದೂ ತಾಳೀತು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಎಲ್ಲರಿಗೂ ಕೇಳುವಂತೆ, ನಿನ್ನೆ ಮೊನ್ನೆ ಬರೆಯಲು ಆಗಿಲ್ಲ, ಇವತ್ತು ಈ ಅಧ್ಯಾಯ ಮುಗಿಸಿಯೇ ಏಳುತ್ತೇನೆ, ಇಲ್ಲಿ ಕೂತರೆ ಮಾತ್ರ ಕೈ ಓಡುತ್ತದೆ ಎಂದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಅಕ್ಕಾರ," ಎಂದಳು ಮಹೇಶ್ವರಿ, ನಗುವನ್ನು ಇನ್ನೂ ಪೂರ್ತಿ ಬಿಡದೆ, "ಬರಿಯೂದು ವರ್ಷಾನಗಟ್ಲೆ ಇರತೈತ್ರಿ. ಜೋಕಾಲಿ ಇವತ್ತೊಂದ ದಿನ."

ಶ್ವೇತಾ ತಲೆಯೆತ್ತಲಿಲ್ಲ. ಸಂಗನಬಸವ ಮೇಜು ಎತ್ತಲು ಬಗ್ಗಿದ, ಅವಳು ಎರಡೂ ಕೈಯಿಂದ ಮೇಜು ಹಿಡಿದಳು. ಅಪ್ಪನ ಮೇಜಿಗಾಗಿ ಅಕ್ಕತಮ್ಮ ಜಗ್ಗಾಡುವುದನ್ನು ಕಂಡು ಬಾಳವ್ವನ ಮುಖ ಬಿಳಿಚಿಕೊಂಡಿತು. ಬಿಡೋ ಅವಳನ್ನ ಎಂದಳು. ತವರಿಗೆ ಬಂದ ಮಗಳನ್ನು ಪಂಚಮಿಯ ದಿನ ಎಬ್ಬಿಸಿದರೆಂದು ಓಣಿಯವರು ಆಡಿಕೊಳ್ಳುವುದು ಬೇಡ.

ಆಮೇಲೆ ಮಗಳ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು: "ನಿನ್ನ ಹಡದಾಗ ನಿಮ್ಮಪ್ಪ ಇಲ್ಲೇ ಜೋಕಾಲಿ ಕಟ್ಟಿದ್ದ. ಮುಂದಿನ ವರ್ಷ ನಿನ್ನ ಕರಿಲಿಕ್ಕೆ ಯಾರೂ ಬರಂಗಿಲ್ಲ. ನೀನೂ ಬರಬ್ಯಾಡ."

ಶ್ವೇತಾಳ ಪೆನ್ನು ಕಾಗದದ ಮೇಲೆ ನಿಂತಿತು. ಈಗ ಹೇಳಬಹುದಿತ್ತು. ಹೇಳಿದರೆ ಮತ್ತೆ ನಗುತ್ತಾರೆ, ಮತ್ತೆ ಪೆನ್ನು ಉರುಳಿಸಿ ನೋಡುತ್ತಾರೆ, ಮತ್ತೆ ಹಗ್ಗಕ್ಕೆ ಮಣೆ ಕಟ್ಟುತ್ತಾರೆ. ಸ್ವಾರ್ಥವನ್ನಾದರೆ ನಂಬುತ್ತಾರೆ. ಅವಳು ಬರೆಯತೊಡಗಿದಳು.

"ಅತ್ತಿ, ನೀ ಕೆಟ್ಟಾಕಿ," ಎಂದು ಚಿನ್ನು ಮಣೆಯನ್ನು ಬಿಸಾಡಿದಳು. ಮಣೆ ಪರಸಿಗೆ ಬಡಿದ ಸದ್ದು ಟೊಳ್ಳಾಗಿ ಕೇಳಿತು. ಅದನ್ನು ಕೇಳಿಸಿಕೊಂಡವಳು ಶ್ವೇತಾ ಒಬ್ಬಳೇ.

ಮದರಬಿಯ ಹಿತ್ತಲಿನ ಬೇವಿನ ಗಿಡದಲ್ಲಿ ಅವಳ ಸೊಸೆ ಜಬೀನ ಆಗಲೇ ಜೋಕಾಲಿ ಕಟ್ಟಿದ್ದಳು. ಉಂಡಿಯ ಡಬ್ಬಿ, ಜೋಳದ ಅಳ್ಳಿನ ಬುಟ್ಟಿ ಎತ್ತಿಕೊಂಡು ಹೆಂಗಸರೆಲ್ಲ ಅಲ್ಲಿಗೆ ಹೊರಟರು. ಸಂಗನಬಸವನೂ ಹೊರಗೆ ಹೋದ. ಬಿಗಿದ ಹಗ್ಗ ಮಾತ್ರ ತೊಲೆಯಿಂದ ಇಳಿಬಿದ್ದು ಶ್ವೇತಾಳ ತಲೆಯ ಮೇಲೆ ತೂಗುತ್ತಿತ್ತು.

ಮನೆ ಖಾಲಿಯಾಯಿತು. ಇಂಥ ಮೌನಕ್ಕಾಗಿ ಅವಳು ವರ್ಷಗಟ್ಟಲೆ ಆಸೆಪಟ್ಟಿದ್ದಳು. ಹಬ್ಬದ ದಿನ, ಹಾಡು ಗೋಡೆಯಾಚೆ, ಮುಂದೆ ಕಾಗದ. ಕೈ ಓಡಿತು, ನಿಜಕ್ಕೂ ಓಡಿತು. ಒಂದು ಹಂತದಲ್ಲಿ ತಾನು ಇಲ್ಲಿ ಕೂತದ್ದು ಚಿನ್ನುವಿಗಾಗಿಯೋ, ಈ ಮಧ್ಯಾಹ್ನಕ್ಕಾಗಿಯೋ ಎಂಬ ಅನುಮಾನ ಬಂತು. ನೆಲದ ಸದ್ದು ನೆಪವಾಗಿರಬಹುದೆ? ನಿಧಾನ ಬಗ್ಗಿ ಕಿವಿಗೊಟ್ಟಳು. ಉದುರುವ ಸದ್ದು ನಿಂತಿತ್ತು. ಅಷ್ಟಕ್ಕೇ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಉದುರಲು ಏನೂ ಉಳಿದಿಲ್ಲದಾಗಲೂ ಸದ್ದು ನಿಲ್ಲುತ್ತದೆ.

ಎದ್ದು ಹೊರಗೆ ನಡೆಯಬೇಕು ಅನ್ನಿಸಿತು. ಆದರೆ ಎದ್ದರೆ ಹಗ್ಗ ಖಾಲಿ. ಯಾವ ಗಳಿಗೆಯಲ್ಲಾದರೂ ಯಾರಾದರೂ ನಗುತ್ತ ಬಂದು ಹತ್ತಿಯಾರು. ಅವಳು ಬರೆದಳು. ಓದಿದರೆ ಅರ್ಥವಾಗದ್ದನ್ನು ಬರೆದಳು. ಆಚೆಯ ಹಾಡು ಬೇವಿನ ಗಿಡದ ಜೋಕಾಲಿಯ ಜೊತೆ ಏರಿ ಇಳಿಯುತ್ತಿತ್ತು.

ಬಿಸಿಲು ಹೊಸ್ತಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ ಚಿನ್ನು ಬಾಗಿಲಲ್ಲಿ ಕಾಣಿಸಿದಳು. ಕೈಯಲ್ಲಿ ಒಂದು ಶೇಂಗಾ ಉಂಡಿ. ಸಿಟ್ಟು ಇಳಿದಿತ್ತು. ಅತ್ತಿ ಏನೂ ತಿಂದಿಲ್ಲವೆಂದು ಅಜ್ಜಿ ಕೊಟ್ಟು ಕಳಿಸಿದ್ದಾಳೆ, ತಾನು ಕಳಿಸಿದೆನೆಂದು ಹೇಳಬೇಡ ಅಂದಿದ್ದಾಳೆ ಎಂದಳು, ಒಂದೇ ಉಸಿರಿಗೆ. ಹೇಳುತ್ತಲೇ ಓಡಿಬರಲು ಕಾಲೆತ್ತಿದಳು.

"ಚಿನ್ನು. ಅಲ್ಲೇ ನಿಂದ್ರು."

ದನಿ ಕಾದಂಬರಿಕಾರಳದ್ದಾಗಿರಲಿಲ್ಲ, ಅತ್ತಿಯದ್ದೂ ಆಗಿರಲಿಲ್ಲ. ಹುಡುಗಿ ನಿಂತಳು.

ಮೇಜಿನ ಒಂದು ಕಾಲು ಒಂದು ಬೆರಳಿನಷ್ಟು ತಗ್ಗಿತು. ಅಪ್ಪನ ತೂಕದ ಕಲ್ಲು ಕಾಗದದ ಮೇಲೆ ಜಾರಿ, ಅಂಚು ದಾಟಿ, ಪರಸಿಗೆ ಬಿತ್ತು. ಪರಸಿಯ ಮೂಲೆ ಸಣ್ಣ ಬಾಯಿಯಂತೆ ಕೆಳಗೆ ತೆರೆದುಕೊಂಡಿತು. ತೂಕದ ಕಲ್ಲು ಅಲ್ಲಿರಲಿಲ್ಲ.

ಏನೂ ಕೇಳಲಿಲ್ಲ.

ಆಮೇಲೆ ಕೇಳಿತು. ಬಹಳ ಕೆಳಗೆ, ನೀರಿಗೆ ಏನೋ ಬಿದ್ದ ಸದ್ದು.

ಚಿನ್ನುವಿನ ಹಿಂದೆಯೇ ಬಂದ ಸಂಗನಬಸವನಿಗೂ ಅದು ಕೇಳಿತು. ಅವನು ಮಗಳನ್ನು ಭುಜ ಹಿಡಿದು ಹೊಸ್ತಿಲಾಚೆಗೆ ಎಳೆದುಕೊಂಡ. ಅಕ್ಕನನ್ನು ನೋಡಿದ, ಮೇಜನ್ನು ನೋಡಿದ, ಬೆಳಿಗ್ಗೆ ತಾನೇ ಬಿಗಿದ ಹಗ್ಗವನ್ನು ನೋಡಿದ. ಅವಳು ಯಾಕೆ ಅಲ್ಲಿ ಕೂತಿದ್ದಳೆಂಬುದು ಅವನ ಮುಖದಲ್ಲಿ ನಿಧಾನವಾಗಿ ಏರಿತು, ಒದ್ದೆ ಗೋಡೆಯಲ್ಲಿ ನೀರು ಏರುವ ಹಾಗೆ.

"ಅಕ್ಕಾ," ಎಂದ, ಉಸಿರಿನಲ್ಲೇ. "ಏಳಬ್ಯಾಡ. ಹಗ್ಗಾ ಹಿಡಿ. ಮೊದಲ ಹಗ್ಗಾ ಹಿಡಿ."

ಶ್ವೇತಾ ಪೆನ್ನು ಕೆಳಗಿಟ್ಟಳು. ಅದು ಉರುಳಿತು. ಒಂದು ಕೈ ಎತ್ತಿದಳು, ಆಮೇಲೆ, ಕಾಗದಗಳನ್ನು ಒತ್ತಿಕೊಂಡಿದ್ದ ಇನ್ನೊಂದನ್ನೂ. ಹಗ್ಗ ಒರಟಾಗಿತ್ತು, ಹೊಸದು. ಆ ವರ್ಷ ಅವಳು ಜೋಕಾಲಿ ಹಿಡಿದದ್ದು ಅದೇ ಮೊದಲು. ಮೇಜಿನ ಮೇಲಿದ್ದ ಹಾಳೆಗಳು ಒಂದೊಂದಾಗಿ ಮೂಲೆಯ ಕಡೆ ಸರಿಯುತ್ತಿದ್ದವು. ಅವು ಬೀಳುವುದು ಕೇಳಿಸುತ್ತಿರಲಿಲ್ಲ.

ಹಿತ್ತಲ ಕಡೆ ಹಾಡು ಮುಗಿದಿತ್ತು. ಅಡುಗೆಮನೆಯ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಉಂಡಿಯ ಡಬ್ಬಿ ಕೆಳಗಿಟ್ಟ ಬಾಳವ್ವ, ಮಗಳಿನ್ನೂ ಎದ್ದಿಲ್ಲವೇ ಎಂದು ಯಾರನ್ನೋ ಕೇಳುತ್ತ, ಪಡಸಾಲೆಯ ಕಡೆ ಬರುತ್ತಿದ್ದಳು.

"ಯವ್ವಾ," ಎಂದಳು ಶ್ವೇತಾ, ಕದಲದೆ. "ಬರಬ್ಯಾಡ."

ಹೆಜ್ಜೆ ನಿಂತಿತು. ತೊಲೆಯ ಕೊಂಡಿ ಒಮ್ಮೆ ಕಿರುಗುಟ್ಟಿತು. ಅವಳ ಕೆಳಗಿನ ನೆಲ ಇನ್ನೂ ಅಲ್ಲೇ ಇತ್ತು.