ಚುಕ್ಕೆ ಇಲ್ಲದ ಸಾಮಾನು

"ಮೊದಲು ಮೇಲಿನ ಮುಚ್ಚಳ ತೆಗೀರಿ ಭಾವ. ಅದು ನಂದು," ಎಂದು ದೊಡ್ಡವನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತುಕೊಂಡೇ ಹೇಳಿದ. ಅವನ ಕಾಲ ಬುಡದಲ್ಲಿ ಒಂದು ಗೋಣಿಚೀಲ ಹಾಸಿತ್ತು. ಆಚೆ ಗೋಡೆಗೆ ಒರಗಿ ನಿಂತಿದ್ದ ಅವನ ತಮ್ಮನ ಕಾಲ ಬುಡದಲ್ಲೂ ಒಂದು ಚೀಲ. ತಮ್ಮನದು ಸ್ವಲ್ಪ ದೊಡ್ಡದು. ದೊಡ್ಡವನು ಅದನ್ನು ಆಗಲೇ ಎರಡು ಸಲ ನೋಡಿದ್ದ.

ನಡುವೆ ಸ್ಪ್ಯಾನರ್ ಹಿಡಿದು ನಿಂತಿದ್ದ ಬೈಂಡರ್ ಅವರಿಬ್ಬರ ಅಕ್ಕನ ಗಂಡ. ಶೆಡ್ಡಿನ ಮಧ್ಯೆ ನೀರು ತುಂಬಿದ ತಗಡಿನ ಡ್ರಮ್ಮು. ಅದರ ಅಂಚಿಗೆ ದೋಣಿಯ ಮೋಟರು ಕಚ್ಚಿ ಕೂತಿತ್ತು, ಕಾಲು ನೀರಿನಲ್ಲಿ, ತಲೆ ಹೊರಗೆ.

"ಬಿಚ್ತೀನಿ. ಅದಕ್ಕೆ ಮುಂಚೆ ಒಂದ್ಸಲ ಶುರು ಮಾಡ್ತೀನಿ. ಒಂದೇ ಸಲ," ಎಂದ ಬೈಂಡರ್.

"ಬಿಚ್ಚೋಕೆ ತಾನೆ ಬಂದಿರೋದು? ಮತ್ತೆ ಶುರು ಯಾಕೆ?" ಎಂದ ಚಿಕ್ಕವನು.

"ಅದೇ ನಾನೂ ಹೇಳೋದು," ಎಂದ ದೊಡ್ಡವನು. ಮೂರು ವಾರದಲ್ಲಿ ಅಣ್ಣ ತಮ್ಮ ಒಪ್ಪಿಕೊಂಡ ಮೊದಲ ಸಂಗತಿ ಅದು.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅಂತ ಗಾದೆ ಇದೆ. ಈ ಇಬ್ಬರು ಬೆಳೆಯುವವರೆಗೂ ಕಾದವರಲ್ಲ. ಅವರಪ್ಪ ಬದುಕಿಡೀ ಹೊಳೆಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸಿದವನು. ಅವನು ಸತ್ತ ಮೇಲೆ ಪಾಲಾಯಿತು. ಮನೆಯ ನಡುವೆ ಗೋಡೆ ಎದ್ದಿತು. ಎರಡು ದೋಣಿ, ಒಬ್ಬೊಬ್ಬನಿಗೆ ಒಂದು. ಎರಡು ಮೋಟರು, ಅದೂ ಒಬ್ಬೊಬ್ಬನಿಗೆ ಒಂದು. ಮೋಟರುಗಳೆರಡೂ ಸತ್ತಿದ್ದವು ಅನ್ನುವುದು ಬೇರೆ ಮಾತು. ಒಂದರ ಸಿಲಿಂಡರ್ ಒಳಗೆ ಗೀರು ಬಿದ್ದು ಹಾಳಾಗಿತ್ತು. ಇನ್ನೊಂದು ಒಂದು ಮಳೆಗಾಲವಿಡೀ ಹೊಳೆಯ ತಳದಲ್ಲಿ ಬಿದ್ದಿತ್ತು. ಗುಜರಿಯವನೂ ಮೂಗು ಮುರಿದ. ಮಗಳಿಗೆ ಬಂದದ್ದು, ಆ ಎರಡನ್ನೂ ತನ್ನ ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟುಕೊಳ್ಳುವ ಭಾಗ್ಯ. "ನಿನ್ ಹತ್ರ ಜಾಗ ಇದೆಯಲ್ಲಕ್ಕ," ಅಂದಿದ್ದರು ತಮ್ಮಂದಿರು. ಅವಳು ಶೆಡ್ಡಿನ ಬೀಗ ತೆಗೆದುಕೊಟ್ಟಳು.

ಬೈಂಡರನಿಗೂ ಮೋಟರಿಗೂ ಎಲ್ಲಿಯ ಸಂಬಂಧ? ಅವನು ಪ್ರೆಸ್ಸಿನಲ್ಲಿ ಮೂವತ್ತು ವರ್ಷದಿಂದ ರಿಜಿಸ್ಟರುಗಳಿಗೆ ರಟ್ಟು ಹಾಕುತ್ತಿದ್ದವನು. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು. ಒಂದು ದಿನ ಯಾರೋ ಹರಿದು ಚೂರಾದ ಹಳೆಯ ಪುಸ್ತಕವೊಂದನ್ನು ಹೊಲಿಯಲು ತಂದುಕೊಟ್ಟರು. ದೋಣಿಯ ಮೋಟರನ್ನು ಬಿಚ್ಚಿ ಜೋಡಿಸುವ ಪುಸ್ತಕ. ಒಂದು ಗಂಟೆಯ ಕೆಲಸಕ್ಕೆ ಅವನು ಒಂಬತ್ತು ದಿನ ತೆಗೆದುಕೊಂಡ. ಚಿತ್ರಗಳನ್ನೆಲ್ಲ ತೆಳು ಕಾಗದ ಇಟ್ಟು ಇಳಿಸಿಕೊಂಡ. ಹತ್ತನೆಯ ದಿನ ಪುಸ್ತಕ ವಾಪಸು ಕೊಟ್ಟು ಮನೆಗೆ ಬಂದವನೇ ಶೆಡ್ಡಿನ ಬಾಗಿಲು ತೆಗೆದ.

"ಎರಡು ಹೆಣ ಸೇರಿಸಿದ್ರೆ ಒಬ್ಬ ಮನುಷ್ಯ ಆಗ್ತಾನಾ ಭಾವ?" ಎಂದು ದೊಡ್ಡವನು ನಕ್ಕಿದ್ದ. ಚಿಕ್ಕವನು ಊರಲ್ಲೆಲ್ಲ 'ನಮ್ಮ ರಟ್ಟು ಭಾವ ಇಂಜಿನಿಯರ್ ಆಗಿದಾರೆ' ಎಂದು ಸಾರಿಕೊಂಡು ಬಂದಿದ್ದ. ಹೆಂಡತಿ ಮಾತ್ರ, "ರೀ, ನನ್ನ ಬಟ್ಟೆ ಒಗೆಯೋ ಡ್ರಮ್ಮು ಯಾವಾಗ ವಾಪಸ್ ಕೊಡ್ತೀರಿ?" ಎಂದಷ್ಟೇ ಕೇಳುತ್ತಿದ್ದಳು. ಕೊಡಲಿಲ್ಲ. ಅವಳು ಬಕೆಟ್ಟಿನಲ್ಲೇ ಒಗೆದಳು.

ಹದಿನಾಲ್ಕು ತಿಂಗಳ ಭಾನುವಾರಗಳು ಹೋದವು. ಬೈಂಡರನದು ಒಂದು ಅಭ್ಯಾಸ. ಹೊಲಿಯುವ ಮುಂಚೆ ಪುಸ್ತಕದ ಪ್ರತಿ ಕಂತೆಯ ಬೆನ್ನಿಗೂ ಗುರುತು ಹಾಕುವುದು, ಒಂದರ ಹಾಳೆ ಇನ್ನೊಂದಕ್ಕೆ ಸೇರಬಾರದು ಅಂತ. ಕೈ ಸುಮ್ಮನಿರಬೇಕಲ್ಲ, ಇಲ್ಲೂ ಅದನ್ನೇ ಮಾಡಿದ. ಚೂಪು ಪಂಚು ಇಟ್ಟು ಸುತ್ತಿಗೆಯಿಂದ ತಟ್ಟಿ, ದೊಡ್ಡವನ ಮೋಟರಿನ ಪ್ರತಿ ಭಾಗಕ್ಕೂ ಒಂದು ಚುಕ್ಕೆ, ಚಿಕ್ಕವನದಕ್ಕೆ ಎರಡು. ಯಾವುದನ್ನು ಎಲ್ಲಿಂದ ತೆಗೆದೆ ಎಂದು ತಿಳಿಯಲಿ ಅಂತ, ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ.

ಒಂದು ಭಾನುವಾರ ಬೆಳಿಗ್ಗೆ ಮೋಟರು ಕೆಮ್ಮಿತು, ಉಗುಳಿತು, ಆಮೇಲೆ ಓಡಿತು. ಆ ಸದ್ದು ಕೇಳಿ ಬಾಮೈದುನರಿಬ್ಬರೂ ಬಂದರು. ನಗಲಿಲ್ಲ. ಅಲ್ಲಿಯವರೆಗೆ ಅದು ಯಾರಿಗೂ ಬೇಡದ ಕಬ್ಬಿಣ. ಓಡಿದ ಮರುಗಳಿಗೆಯಿಂದ ಅದು ಅಪ್ಪನ ಆಸ್ತಿ.

ಒಂದು ವಾರ ಅವನು, ಒಂದು ವಾರ ಇವನು ಎಂದು ತೀರ್ಮಾನವಾಯಿತು. ಎರಡು ತಿಂಗಳು ನಡೆಯಿತು ಕೂಡ. ಆಮೇಲೆ ದೊಡ್ಡವನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ವಾರ ತಮ್ಮನದು. ದೊಡ್ಡವನು ಅವನನ್ನು ಕೇಳದೆ ಮೋಟರು ಕಟ್ಟಿಕೊಂಡು, ಬೀಗರಾಗುವವರನ್ನು ಹೊಳೆಯ ಮೇಲೆ ಒಂದು ಸುತ್ತು ಹಾಕಿಸಿದ. ಹಾಕಿಸಲಿ, ಯಾರು ಬೇಡ ಅಂದರು? ಆದರೆ ಬಾಯಿ ಬಿಟ್ಟು, "ಇದು ನನ್ನ ಮೋಟರು, ನಾನೇ ನಿಂತು ರಿಪೇರಿ ಮಾಡಿಸಿದ್ದು," ಅಂದುಬಿಟ್ಟ. ದಡದಲ್ಲಿ ನಿಂತಿದ್ದ ಚಿಕ್ಕವನ ಹೆಂಡತಿಯ ಕಿವಿಗೆ ಅದು ಬಿತ್ತು. ಅಲ್ಲಿಗೆ ಮುಗಿಯಿತು.

ಮುಂದಿನ ಮೂರು ವಾರ ಬೈಂಡರನಿಗೆ ಹುಟ್ಟಿದಾರಭ್ಯ ಕಾಣದ ಮರ್ಯಾದೆ. ದೊಡ್ಡವನು ಪ್ರೆಸ್ಸಿನ ಬಾಗಿಲಿಗೇ ಬಂದು, "ಭಾವ, ಓಡೋದು ಪಿಸ್ಟನ್ನಿಂದ ತಾನೆ? ಅದು ನಂದೇ ಅಂತ ನೀವೇ ಹೇಳಿದ್ರಿ," ಎಂದ. ಮರುದಿನ ಚಿಕ್ಕವನು ಮನೆಗೆ ಬಂದು, ಬೀಳುತ್ತಿದ್ದ ಕಿಟಕಿಯ ಬಾಗಿಲಿಗೆ ತಾನಾಗಿ ಮೊಳೆ ಹೊಡೆದು, "ಭಾವ, ಸಿಲಿಂಡರ್ ಇಲ್ದೆ ಪಿಸ್ಟನ್ ತಗೊಂಡು ಏನ್ ಮಾಡ್ತಾನೆ, ನೆಕ್ಕುತ್ತಾನಾ?" ಎಂದ. ಇಬ್ಬರಿಗೂ ಬೈಂಡರ್ ಒಂದೇ ಮಾತು ಹೇಳಿದ. "ನೀವಿಬ್ಬರೂ ಕೂತು ತೀರ್ಮಾನ ಮಾಡ್ಕೊಳ್ಳಿ." ಮಾಡಿಕೊಂಡರು. ಬಿಚ್ಚಿಸಿ ಅವರವರದನ್ನು ಅವರವರು ಒಯ್ಯುವುದು. ಚುಕ್ಕೆಗಳಿದ್ದಾವಲ್ಲ, ಮೋಸಕ್ಕೆ ಜಾಗವಿಲ್ಲ.

ಬೈಂಡರ್ ಈಗ ಅವರ ಮಾತು ಕೇಳದೆ ಹಗ್ಗ ಸುತ್ತಿ ಎಳೆದ. ಒಂದು, ಎರಡು. ಮೂರನೆಯ ಎಳೆತಕ್ಕೆ ಮೋಟರು ಹಿಡಿದುಕೊಂಡಿತು. ಡ್ರಮ್ಮಿನ ನೀರು ಕುದಿಯುವ ಹಾಗೆ ಎದ್ದಿತು, ಶೆಡ್ಡಿನ ತಗಡು ನಡುಗಿತು. ಮೋಟರಿನ ಪಕ್ಕದಿಂದ ಬೆರಳಿನಷ್ಟು ದಪ್ಪದ ನೀರಿನ ಎಳೆ ಕಮಾನಾಗಿ ಬಿದ್ದಿತು, ಒಳಗೆ ತಂಪು ನೀರು ಸರಿಯಾಗಿ ಹರಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಬೈಂಡರ್ ಹಿಡಿ ತಿರುಗಿಸಿ ವೇಗ ತಗ್ಗಿಸಿದ. ಸದ್ದು ಸಣ್ಣಗಾಗಿ ಒಂದೇ ಹದಕ್ಕೆ ನಿಂತಿತು.

ಚಿಕ್ಕವನು ಗೋಡೆ ಬಿಟ್ಟು ಮುಂದೆ ಬಂದ. "ಅಪ್ಪ ಸಂಜೆ ವಾಪಸ್ ಬರುವಾಗ, ಆ ತಿರುವಿನಲ್ಲಿ..." ಎಂದ. ದೊಡ್ಡವನ ತಲೆ ಆಗಲೇ ಹೂಂ ಎನ್ನುವಂತೆ ಆಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತಿದ್ದಳು. ಮೂವರೂ ಚಿಕ್ಕವರಿದ್ದಾಗ ಆ ಸದ್ದು ಕೇಳಿದ ಕೂಡಲೇ ದಡಕ್ಕೆ ಓಡುತ್ತಿದ್ದರು. ಬೈಂಡರ್ ಮೂರು ಮುಖಗಳನ್ನೂ ನೋಡಿದ. ಬಿಚ್ಚುವುದು ತಪ್ಪೀತೆಂದು ಅವನಿಗೆ ಆಸೆ ಬಂತು. ಸುಳ್ಳು ಯಾಕೆ, ತುಂಬಾ ಆಸೆ ಬಂತು.

ಅಷ್ಟರಲ್ಲಿ ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿಬಿಟ್ಟರು.

"ಎಣ್ಣೆ ಸುಮ್ನೆ ದಂಡ," ಎಂದ ದೊಡ್ಡವನು. "ನಿಲ್ಸಿ ಭಾವ."

ನಿಲ್ಲಿಸಿದ. "ಬಿಸಿ ಆರ್ಬೇಕು. ಅರ್ಧ ಗಂಟೆ ಆಗುತ್ತೆ."

"ನಮಗೇನು ಅವಸರ ಇಲ್ಲ," ಎಂದ ಚಿಕ್ಕವನು, ಮತ್ತೆ ಗೋಡೆಗೆ ಒರಗಿ.

ಅಕ್ಕ ಚಹಾ ತಂದಳು. ಇಬ್ಬರೂ ಕುಡಿದರು, ಒಬ್ಬ ಬಾಗಿಲ ಕಡೆ ಮುಖ ಮಾಡಿ, ಇನ್ನೊಬ್ಬ ಕಿಟಕಿಯ ಕಡೆ. ಮೋಟರು ಟಿಕ್ ಟಿಕ್ ಎಂದು ಆರುತ್ತಿತ್ತು. ಬೈಂಡರ್ ಲೋಟ ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು.

ಆಮೇಲೆ ಕೆಲಸ ಶುರುವಾಯಿತು. ಮುಚ್ಚಳ, ಒಂದು ಚುಕ್ಕೆ, ದೊಡ್ಡವನ ಚೀಲಕ್ಕೆ. ಎಣ್ಣೆಯ ಟ್ಯಾಂಕು, ಒಂದು ಚುಕ್ಕೆ. ಮೇಲಿನ ಭಾರದ ಚಕ್ರ, ಎರಡು. ಕಾರ್ಬೊರೇಟರನ್ನು ಚಿಕ್ಕವನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ಚುಕ್ಕೆ ಹುಡುಕಿದ. ಒಂದೇ ಇತ್ತು. ಕಣ್ಣು ಸಣ್ಣ ಮಾಡಿ ಇನ್ನೊಂದು ಸಲ ನೋಡಿದ, ಆದರೂ ಒಂದೇ. ಕೊಟ್ಟ. ನೀರೊಳಗಿನ ಫ್ಯಾನೂ ಅದರ ಮೇಲಿನ ಕಾಲೂ ತನ್ನದೆಂದು ತಿಳಿದಾಗ ಅವನ ಮುಖ ಅರಳಿತು, ಎರಡು ಮೊಳದ ಆ ಕಾಲು ಚೀಲದಿಂದ ಅರ್ಧ ಹೊರಗೇ ಉಳಿದರೂ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನ ಕೈಗೇ ದೊಣ್ಣೆ ಕೊಟ್ಟಿದ್ದರು.

ಸಿಲಿಂಡರಿಗೆ ಬಂದಾಗ ಬೈಂಡರ್ ನಿಂತ.

"ಒಂದು ಮಾತು ಕೇಳಿ. ಪಿಸ್ಟನ್ನಿನ ರಿಂಗುಗಳು ಹೊಸದರಲ್ಲಿ ಒರಟಾಗಿರ್ತವೆ. ಈ ಡ್ರಮ್ಮಲ್ಲಿ ಹತ್ತು ಗಂಟೆ ನಿಧಾನಕ್ಕೆ ಓಡಿಸಿ, ಇದಕ್ಕೆ ಅದನ್ನ ಹೊಂದಿಸಿದೀನಿ. ಇದು ಅದನ್ನ ತಿಂದು, ಅದು ಇದನ್ನ ತಿಂದು, ಈಗ ಎರಡೂ ಒಂದಕ್ಕೊಂದು ಕೂತಿವೆ. ಬೇರೆ ಮಾಡಿದ್ರೆ ಈ ಪಿಸ್ಟನ್ ಇನ್ನೊಂದು ಸಿಲಿಂಡರಲ್ಲಿ ಹೀಗೆ ಕೂರಲ್ಲ. ಈ ಸಿಲಿಂಡರಿಗೂ ಇಂಥ ಇನ್ನೊಂದು ಸಿಗಲ್ಲ. ಇದೊಂದನ್ನ ಬಿಡಿ. ಇಬ್ಬರಲ್ಲಿ ಯಾರಾದ್ರೂ ಇಟ್ಕೊಳ್ಳಿ, ಜೊತೆಗೆ ಇಟ್ಕೊಳ್ಳಿ."

ಅವನ ಜೀವಮಾನದಲ್ಲಿ ಹೆಂಡತಿಯ ತಮ್ಮಂದಿರ ಮುಂದೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಸರಿ ಹಾಗಾದ್ರೆ, ನಾನು ಇಟ್ಕೋತೀನಿ," ಎಂದ ದೊಡ್ಡವನು.

"ಅದ್ಯಾಕೆ, ನಾನು ಇಟ್ಕೋತೀನಿ," ಎಂದ ಚಿಕ್ಕವನು.

ಇಬ್ಬರೂ ಒಬ್ಬರ ಚೀಲವನ್ನೊಬ್ಬರು ನೋಡಿದರು.

"ಬಿಚ್ಚಿ," ಎಂದರು ಇಬ್ಬರೂ, ಒಬ್ಬರ ಹಿಂದೊಬ್ಬರು.

ಬೈಂಡರ್ ಸಿಲಿಂಡರನ್ನು ಎತ್ತಿದ. ಪಿಸ್ಟನ್ ಎಣ್ಣೆ ಮೆತ್ತಿಕೊಂಡು, ಮೆಲ್ಲಗೆ ಉಸಿರು ಬಿಟ್ಟಂಥ ಸದ್ದು ಮಾಡಿ ಹೊರಬಂತು. ಒಳಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಚೆಂದದ ಕೆಲಸವನ್ನು ಅವನು ಮತ್ತೆಂದೂ ಮಾಡಲಾರ, ಅದು ಅವನಿಗೆ ಗೊತ್ತಿತ್ತು. ಅದನ್ನೊಂದು ಬಟ್ಟೆಯಿಂದ ಒರೆಸಿ ಚಿಕ್ಕವನ ಚೀಲಕ್ಕೆ ಇಟ್ಟ. ಪಿಸ್ಟನ್ ದೊಡ್ಡವನದಕ್ಕೆ.

ಕೊನೆಗೆ ಬೆಂಚಿನ ಮೇಲೆ ಒಂದು ಸಣ್ಣ ರಾಶಿ ಉಳಿಯಿತು. ರಿಜಿಸ್ಟರಿನ ರಟ್ಟನ್ನು ಎಣ್ಣೆಯಲ್ಲಿ ನೆನೆಸಿ, ಕತ್ತರಿಸಿ, ಕೀಲುಗಳ ನಡುವೆ ಕೂರಿಸಿದ್ದ ಗ್ಯಾಸ್ಕೆಟ್ಟುಗಳು. ಸವೆದ ಚಪ್ಪಲಿಯ ರಬ್ಬರಿನಿಂದ ಕೊರೆದ, ನೀರೆತ್ತುವ ಪುಟ್ಟ ಚಕ್ರ. ಉಜ್ಜಿ ಉಜ್ಜಿ ಅಳತೆಗೆ ತಂದ ಒಂದು ಹಿತ್ತಾಳೆಯ ಪಿನ್ನು. ಪುಸ್ತಕ ಹೊಲಿಯುವ ಮೇಣದ ದಾರವನ್ನು ಹೆಣೆದು ಮಾಡಿದ, ಎಳೆಯುವ ಹಗ್ಗ.

"ಇವು ಯಾರದ್ದು?" ಎಂದ ಚಿಕ್ಕವನು. "ಚುಕ್ಕೆನೇ ಇಲ್ಲ."

"ಭಾವ ಹಾಕೋದು ಮರೆತಿರಬೇಕು. ಅರ್ಧ ಅರ್ಧ ಮಾಡಿದ್ರಾಯ್ತು," ಎಂದು ದೊಡ್ಡವನು ಬಕೆಟ್ಟಿನಿಂದ ಎದ್ದ. "ಹಗ್ಗ ಬೇಕಾದ್ರೆ ನೀನೇ ತಗೋ. ಆ ಪಿನ್ನು ನಂಗಿರಲಿ."

"ಮುಟ್ಟಬೇಡ್ರೋ!"

ಅಕ್ಕ ಒಳಗೆ ಬಂದಿದ್ದಳು. ಲೋಟಗಳನ್ನು ತೆಗೆದುಕೊಂಡು ಹೋಗಲು ಬಂದವಳು, ಲೋಟಗಳನ್ನು ಅಲ್ಲೇ ಕುಕ್ಕಿದಳು.

"ಅದು ನನ್ನ ಪಾಲು."

"ಅಲ್ಲಕ್ಕ, ಇದು..."

"ಮನೆ ತಗೊಂಡ್ರಿ. ದೋಣಿ ತಗೊಂಡ್ರಿ. ನಾನು ಬಾಯಿ ತೆಗೆದ್ನಾ? ನಿಮ್ಮ ತುಕ್ಕು ಕಬ್ಬಿಣಾನ ಆರು ವರ್ಷ ಕಾದೆ, ಬಾಯಿ ತೆಗೆದ್ನಾ? ಇದ್ರಲ್ಲಿ ನಿಮ್ಮಪ್ಪನದೂ ಇಲ್ಲ, ನಿಮ್ಮದೂ ಇಲ್ಲ. ಎತ್ತಿಕೊಳ್ಳಿ ನಿಮ್ಮ ಚೀಲ."

ಎರಡೂ ಕೈಯಿಂದ ರಾಶಿಯನ್ನು ಬಾಚಿ ಮಡಿಲಿಗೆ ಹಾಕಿಕೊಂಡಳು. ಎಣ್ಣೆ ಬಟ್ಟೆಗೆ ಹತ್ತಿತು. ಹತ್ತಿದರೆ ಹತ್ತಲಿ ಎನ್ನುವ ಹಾಗೆ ನಿಂತಳು.

ಚೀಲಗಳು ಭಾರವಿದ್ದವು. ದೊಡ್ಡವನು ಹೊತ್ತುಕೊಂಡು ಮೊದಲು ಹೊರಟ. ಮುಖದಲ್ಲಿ ಗೆದ್ದ ಕಳೆ. ಚಿಕ್ಕವನ ಮುಖದಲ್ಲೂ ಅದೇ. ನ್ಯಾಯ ಸಿಕ್ಕಿತ್ತಲ್ಲ ಇಬ್ಬರಿಗೂ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. ಬಾಗಿಲು ದಾಟಿದ ದೊಡ್ಡವನು ಏನೋ ನೆನಪಾಗಿ ತಿರುಗಿದ.

"ಭಾವ, ನಿಮಗೆ ಪುರುಸೊತ್ತಾದಾಗ ನನ್ನದನ್ನ ಒಂಚೂರು ಜೋಡಿಸಿಕೊಡಿ. ಏನೇನು ಬೇಕೋ ಹೇಳಿದ್ರೆ ಹುಡುಕಿಸ್ತೀನಿ."

"ನಂದೂ," ಎಂದ ಚಿಕ್ಕವನು. "ನಂದು ಮೊದಲು. ನನ್ನದ್ರಲ್ಲಿ ಸಿಲಿಂಡರ್ ಇದೆ."

ಅವರು ಉತ್ತರಕ್ಕೆ ಕಾಯಲಿಲ್ಲ. ಗೇಟಿನ ಬಳಿ ಯಾರು ಮೊದಲು ದಾಟಬೇಕೆಂದು ಒಂದು ಕ್ಷಣ ತಡವಾಯಿತು, ಆಮೇಲೆ ಅದೂ ಬಗೆಹರಿಯಿತು.

ಅಕ್ಕ ಮಡಿಲಲ್ಲಿದ್ದುದನ್ನು ಮತ್ತೆ ಬೆಂಚಿನ ಮೇಲೆ ಸುರಿದಳು. ಗಂಡನ ಮುಖ ನೋಡಲಿಲ್ಲ. ಡ್ರಮ್ಮಿಗೆ ಹೆಗಲು ಕೊಟ್ಟು ಬಾಗಿಸಿದಳು. ನೀರು ಶೆಡ್ಡಿನ ನೆಲದ ಮೇಲೆ ಬಣ್ಣಬಣ್ಣವಾಗಿ ಹರಿದು ಬಾಗಿಲಾಚೆ ಹೋಯಿತು. ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿಕೊಂಡು ಹೋಗಿ, ಕುಕ್ಕರಗಾಲಲ್ಲಿ ಕೂತು, ಬೂದಿ ಹಾಕಿ ತಿಕ್ಕಲು ತೊಡಗಿದಳು. ನೀರು ನಿಲ್ಲುತ್ತಿದ್ದ ಮಟ್ಟದಲ್ಲಿ ಸುತ್ತಲೂ ಕಪ್ಪನೆಯ ಗೆರೆಯೊಂದು ಕಟ್ಟಿತ್ತು. ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ಒಳಗೆ ಬೈಂಡರ್ ಹಿತ್ತಾಳೆಯ ಪಿನ್ನನ್ನು ಹುಡುಕಿ ತೆಗೆದ. ಬಟ್ಟೆಯಿಂದ ಒರೆಸಿ, ಬೆಂಚಿನ ಇಕ್ಕಳಕ್ಕೆ ಸಿಕ್ಕಿಸಿ, ಪಂಚು ಇಟ್ಟು ತಟ್ಟಿದ. ಅಂಗಳದಲ್ಲಿ ಅವಳಿಗೆ ಕೇಳಿಸಿತು. ಒಂದು. ಎರಡು. ತಿಕ್ಕುವ ಕೈ ನಿಂತಿತು. ಇನ್ನೂ ಒಂದು ಕೇಳಿಸಿತು. ಅವಳು ಇನ್ನಷ್ಟು ಬೂದಿ ತೆಗೆದುಕೊಂಡು ಮತ್ತೆ ತಿಕ್ಕತೊಡಗಿದಳು.