ನಲವತ್ತೆರಡು ನಿಮಿಷ ಕಾದ ದೈತ್ಯ

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅಕ್ಕ ಬೆನ್ನಿನ ಆಪರೇಷನ್ ಆಗಿ ಹಾಸಿಗೆ ಹಿಡಿದ ಮೇಲೆ ಅವಳ ಹತ್ತು ತಿಂಗಳ ಕೂಸು ಇವಳ ಹೆಗಲೇರಿತ್ತು. ಹಲ್ಲು ಬರುತ್ತಿದ್ದ ಕೂಸು ಅದು, ಬೆಳಗಿನ ಜಾವದವರೆಗೂ ರಾಗ ಎಳೆಯುತ್ತಿತ್ತು. ಕೆಲಸಕ್ಕೆ ಬರುವಾಗ ಇವಳ ಭುಜದ ಮೇಲೆ ಹಾಲಿನ ಕಲೆ, ಕಣ್ಣು ಎರಡೂ ಕೆಂಡ.

ಕೆಲಸವೇನೋ ಕೇಳಿದವರಿಗೆ ಹೊಟ್ಟೆಕಿಚ್ಚು ತರುವಂಥದ್ದು: ದಿನವಿಡೀ ವಿಡಿಯೋ ಗೇಮ್ ಆಡುವುದು. ಅದರ ಸುಖ ಮಾಡಿದವರಿಗೇ ಗೊತ್ತು. ಒಂದೇ ಬಾಗಿಲಿನಲ್ಲಿ ಇನ್ನೂರು ಸಲ ಒಳಗೆ ಹೊರಗೆ ಓಡಾಡಿ, ಎಲ್ಲಿ ಕಾಲು ಗೋಡೆಯೊಳಗೆ ಹೂತುಹೋಗುತ್ತದೆ, ಎಲ್ಲಿ ಮಾತು ತುಟಿಗಿಂತ ಮುಂದೆ ಓಡುತ್ತದೆ ಎಂದು ಹುಡುಕಿ ಬರೆಯಬೇಕು. ಅವಳ ಪಾಲಿಗೆ ಬಂದದ್ದು ಥ್ರಿಮ್‌ನ ಮದುವೆ ಮನೆ.

ಥ್ರಿಮ್ ಎಂದರೆ ಹಿಮದ ನಾಡಿನ ಹಳೆಯ ಕಥೆಗಳ ದೈತ್ಯ. ಗುಡುಗಿನ ದೇವರು ಥಾರ್‌ನ ಸುತ್ತಿಗೆ ಕದ್ದು, ದೇವಲೋಕದ ಚೆಲುವೆಯನ್ನು ಮದುವೆ ಮಾಡಿಕೊಟ್ಟರೆ ಮಾತ್ರ ಹಿಂದಿರುಗಿಸುತ್ತೇನೆಂದು ಹಟ ಹಿಡಿದವನು. ಥಾರ್ ತಾನೇ ಮದುಮಗಳಂತೆ ಮುಸುಕು ಹೊದ್ದು ಹೋಗಿ ಅವನನ್ನು ಬಡಿದು ಹಾಕುತ್ತಾನೆ. ಈ ಆಟ ಕಟ್ಟಿದವರು ಮಾತ್ರ ಅವನಿಗೆ ಕೋರೆಹಲ್ಲು ಕೊಟ್ಟಿರಲಿಲ್ಲ. ಕುದುರೆಗಳ ಕೂದಲು ಬಾಚುತ್ತಲೇ ಒಂಟಿಯಾಗಿ ವಯಸ್ಸು ಕಳೆದ, ಮೊರದಗಲ ಕೈಯ ಪಾಪದವನನ್ನಾಗಿ ಮಾಡಿದ್ದರು. ಅವನು ಮುಸುಕಿನೊಳಗೆ ಇಣುಕಿ ಬೆಚ್ಚಿ ಕೇಳುತ್ತಾನೆ: “ಇವಳ ಕಣ್ಣುಗಳೇಕೆ ಹೀಗೆ ಉರಿಯುತ್ತಿವೆ?” ಪಕ್ಕದ ದಾಸಿ ಹೇಳುತ್ತಾಳೆ: “ನಿಮ್ಮನ್ನು ಸೇರುವ ಆಸೆಯಲ್ಲಿ ಎಂಟು ರಾತ್ರಿ ನಿದ್ದೆ ಮಾಡಿಲ್ಲ.”

ಮೊದಲ ಸಲ ಆ ಮಾತು ಕೇಳಿದಾಗ ಚಿಕ್ಕಮ್ಮ ಪರದೆಗೇ ಹೇಳಿದ್ದಳು, “ಬರೀ ಎಂಟಾ? ಪುಣ್ಯವಂತೆ.”

ಆಮೇಲೆ ಸುತ್ತಿಗೆ ಮದುಮಗಳ ಮಡಿಲಿಗೆ ಬರುತ್ತದೆ. ಥಾರ್ ಆಗಿ ಆಡುವವರು ಅದನ್ನು ಎತ್ತಿದರೆ ಕಾಳಗ. ಎತ್ತದೆ ಹತ್ತು ಸೆಕೆಂಡು ಕಳೆದರೆ, ಮೋಸ ತಿಳಿದು ಥ್ರಿಮ್ ತಾನೇ ಮೇಲೆ ಬೀಳಬೇಕು. ಲೆಕ್ಕ ಅಷ್ಟೇ.

ಹದಿನೆಂಟು ದಿನದ ಹಿಂದೆ, ಊಟವಾದ ಮೇಲೆ, ಇದೇ ಜಾಗದಲ್ಲಿ ಅವಳಿಗೆ ಜೋಂಪು ಹತ್ತಿತು. ಕೈಯಲ್ಲಿದ್ದ ಆಟದ ರಿಮೋಟು ಮಡಿಲಿಗೆ ಜಾರಿತು. ಎಚ್ಚರವಾಗಿ ಗಡಿಯಾರ ನೋಡಿದರೆ ನಲವತ್ತೆರಡು ನಿಮಿಷ. ಪರದೆಯ ಮೇಲೆ ಥ್ರಿಮ್ ಗಲ್ಲಕ್ಕೆ ಕೈಕೊಟ್ಟು, ಕಣ್ಣು ಮಿಟುಕಿಸುತ್ತ, ಮದುಮಗಳನ್ನು ಎಬ್ಬಿಸಬಾರದೆಂಬಂತೆ ಕಾಯುತ್ತಿದ್ದ.

ಅವತ್ತೇ ಬರೆಯಬೇಕಿತ್ತು. ಅವಳು ಬರೆಯಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಅದೇ ಮೇಜಿನ ಮುಂದೆ ಕೂತು ಕಣ್ಣು ಮುಚ್ಚಿದಳು. ಥ್ರಿಮ್ ಕಾದ. ದೂರದಿಂದ ನೋಡಿದವರಿಗೆ ಪರದೆಯಲ್ಲಿ ಆಟ ನಡೆದೇ ಇತ್ತು. ಇಡೀ ದಿನದಲ್ಲಿ ಅವಳನ್ನು ಏನೂ ಕೇಳದೆ ಎದುರಿಗೆ ಕೂರುತ್ತಿದ್ದವನು ಅವನೊಬ್ಬನೇ.

ಈಗ ಮದುವೆ ಮನೆಯ ಪರೀಕ್ಷೆ ಮುಗಿಸುವ ದಿನ ಬಂದಿತ್ತು. ‘ದೋಷವಿಲ್ಲ’ ಎಂಬ ಹಾಳೆಗೆ ಎರಡು ಸಹಿ ಬೇಕು: ಅವಳದೊಂದು, ಪಕ್ಕದ ಮೇಜಿನವನದೊಂದು. ಮುಂದಿನ ಆಟಕ್ಕೆ ಯಾರನ್ನು ಉಳಿಸಿಕೊಳ್ಳಬೇಕೆಂಬ ಪಟ್ಟಿಯನ್ನೂ ಮೇಲ್ವಿಚಾರಕ ಅಂದು ಸಂಜೆಯೇ ಕಳಿಸುವವನಿದ್ದ. ದೋಷ ಮುಚ್ಚಿಟ್ಟವರಿಗೆ ಅದರಲ್ಲಿ ಜಾಗವಿಲ್ಲ.

ಪಕ್ಕದವನಿಗೆ ಮೂವತ್ತೆಂಟು. ಪರೀಕ್ಷಕರಲ್ಲೇ ಹಿರಿಯನಾದ್ದರಿಂದ ಅವನು ಎಲ್ಲರಿಗೂ ತಾತ. ಹಾಳೆಯನ್ನು ಓದದೆಯೇ ಪೆನ್ನು ತೆಗೆದ.

“ಒಂದ್ಸಲ ಆಡಿ ನೋಡು, ತಾತ.”

“ನೀನು ಮೂರು ವಾರ ನೋಡಿದ್ದನ್ನ ನಾನೇನು ನೋಡೋದು? ಚಿಕ್ಕಮ್ಮ ಸರಿ ಅಂದ್ಮೇಲೆ ಸರಿ.”

ಪೆನ್ನಿನ ತುದಿ ಹಾಳೆಗೆ ತಾಗುವಷ್ಟರಲ್ಲಿ ಅವಳು ಹಾಳೆ ಎಳೆದುಕೊಂಡಳು. “ಬೇಡ. ನಿನ್ನ ಹೆಸರೂ ಹಾಳಾಗುತ್ತೆ.”

ಕೂತು ವರದಿ ಬರೆದಳು. ಏನಾಗಬೇಕು: ಹತ್ತು ಸೆಕೆಂಡಿಗೆ ದೈತ್ಯ ಏಳಬೇಕು. ಏನಾಗುತ್ತಿದೆ: ಕಾಯುತ್ತಾನೆ. ಎಷ್ಟು ಹೊತ್ತು, ಮೊದಲು ಕಂಡದ್ದು ಯಾವಾಗ — ಎರಡಕ್ಕೂ ಇದ್ದದ್ದನ್ನೇ ತುಂಬಿದಳು.

ಕಾಲು ಗಂಟೆಯಲ್ಲಿ ಮೇಲ್ವಿಚಾರಕ ಬಂದ. ಹಿಂದೆಯೇ ಥ್ರಿಮ್‌ನ ನಡೆನುಡಿಗೆಲ್ಲ ಕೋಡ್ ಬರೆದ ಪ್ರೋಗ್ರಾಮರ್. ಅವನಿಗೆ ದೈತ್ಯನಪ್ಪ ಎಂದು ಹೆಸರು. ಅವನೂ ನಿದ್ದೆಗೆಟ್ಟವನೇ, ಶರ್ಟಿನ ಗುಂಡಿ ಒಂದು ಕಾಜಾ ತಪ್ಪಿ ಮೇಲಕ್ಕೆ ಹೋಗಿತ್ತು.

“ಇದಾಗಲ್ಲ,” ಎಂದ ಅವನು. “ಆರು ಜನ ನೋಡಿದ್ದಾರೆ ಈ ಜಾಗನ. ಯಾರಿಗೂ ಬಂದಿಲ್ಲ.”

“ಅವರ ಕೈ ಸುಮ್ಮನಿರಲ್ಲ. ರಿಮೋಟು ಕೆಳಗಿಡಿ. ಮುಟ್ಟಬೇಡಿ.”

ನಾಲ್ವರೂ ನಿಂತು ನೋಡಿದರು. ಒಂದು ನಿಮಿಷವಾಯಿತು, ಮೂರಾಯಿತು. ಥ್ರಿಮ್ ಕಣ್ಣು ಮಿಟುಕಿಸಿದ.

ದೈತ್ಯನಪ್ಪ ಹಣೆ ಉಜ್ಜಿಕೊಂಡ. “ಆಡೋರ ಬೆರಳು ಅಲ್ಲಾಡಿದ ಮೇಲೇನೇ ಇವನ ಎಣಿಕೆ ಶುರುವಾಗೋ ಹಾಗೆ ಬರೆದುಬಿಟ್ಟಿದ್ದೀನಿ. ಯಾರಾದ್ರೂ ಕಾಫಿಗೆ ಎದ್ದು ಹೋದ್ರೆ ಇವನು ಯುಗಗಟ್ಟಲೆ ಕೂತಿರ್ತಾನೆ.” ಅವಳ ಕಡೆ ತಿರುಗಿದ. “ಅಲ್ಲಾ, ನಲವತ್ತೆರಡು ನಿಮಿಷ ಕೈ ಅಲ್ಲಾಡಿಸದೆ ಹೇಗ್ ಕೂತಿದ್ರಿ?”

“ಕೂತಿರಲಿಲ್ಲ,” ಎಂದಳು. “ಮಲಗಿದ್ದೆ.”

ತಾತ ಕೆಮ್ಮಿದ. ಮೇಲ್ವಿಚಾರಕ ತಾರೀಕಿನ ಮೇಲೆ ಬೆರಳಿಟ್ಟ.

“ಮಲಗಿದ್ದಕ್ಕೆ ನಾನೇನೂ ಅನ್ನಲ್ಲ. ನಿಮ್ಮ ಮನೆ ಪಾಡು ಗೊತ್ತು. ಆದ್ರೆ ಹದಿನೆಂಟು ದಿನ, ಚಿಕ್ಕಮ್ಮ. ಮೊದಲನೇ ದಿನ ಹೇಳಿದ್ದಿದ್ರೆ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲು ಬರೀತಿದ್ದೆ.”

“ಗೊತ್ತು ಸಾರ್.”

“ಈಗ ಬರೆಯೋಕಾಗಲ್ಲ.”

“ಅದೂ ಗೊತ್ತು.”

ಅವನು ಕುರ್ಚಿಯನ್ನು ಸರಿಯಾಗಿ ಮೇಜಿಗೆ ತಳ್ಳಿ ಹೊರಟುಹೋದ. ಈ ಆಟ ಮುಗಿಯುವವರೆಗೆ, ಅವಳಿಗೆ ಇನ್ನು ಎರಡೇ ವಾರದ ಕೆಲಸವಿತ್ತು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನೋಡಿದಳು, ಆಕಳಿಕೆ ಬಂತು.

ನಾಲ್ಕು ಗಂಟೆಗೆ ದೈತ್ಯನಪ್ಪ ಸರಿಪಡಿಸಿದ್ದನ್ನು ಕಳಿಸಿದ. ದೋಷದ ವರದಿ ಬರೆದವರೇ ಮತ್ತೆ ಪರೀಕ್ಷಿಸಬೇಕೆಂಬುದು ಅಲ್ಲಿಯ ನಿಯಮ. ಜೊತೆಗೊಂದು ಸಾಲಿತ್ತು: ‘ಹತ್ತು ಸೆಕೆಂಡಲ್ಲ, ಒಂದು ನಿಮಿಷ ಇಟ್ಟಿದ್ದೀನಿ. ಕೇಳಿದವರಿಗೆ ಹೀಗೇ ಚೆನ್ನ ಅಂತ ಹೇಳ್ತೀನಿ.’

“ಎಂಟು ರಾತ್ರಿ ನಿದ್ದೆ ಮಾಡಿಲ್ಲ,” ಎಂದಳು ದಾಸಿ. ಸುತ್ತಿಗೆ ಮಡಿಲಿಗೆ ಬಂತು. ಚಿಕ್ಕಮ್ಮ ರಿಮೋಟನ್ನು ಮೇಜಿನ ಮೇಲಿಟ್ಟು, ತಲೆಯನ್ನು ಕುರ್ಚಿಗೆ ಒರಗಿಸಿ, ಕಣ್ಣು ಮುಚ್ಚಿದಳು.

“ಎದ್ದಾಗ ಹೇಳು, ತಾತ.”

“ಯಾರು, ನೀನಾ ಅವನಾ?”

ಒಂದು ನಿಮಿಷವಾಯಿತು. ಕುರ್ಚಿ ನೂಕಿದ ಸದ್ದು, ದೊಡ್ಡ ಹೆಜ್ಜೆಯ ಸದ್ದು ಪರದೆಯಿಂದ ಕೇಳಿದಾಗ ಅವಳು ಕಣ್ಣು ತೆರೆಯದೆಯೇ ಕೈ ಚಾಚಿ, ‘ದೋಷವಿಲ್ಲ’ ಹಾಳೆಗೆ ಸಹಿ ಹಾಕಲು ಪೆನ್ನು ಹುಡುಕಿದಳು.