ಅರವತ್ನಾಲ್ಕು ಬೈಟುಗಳ ವಿಳಾಸ

೧

ಇಪ್ಪತ್ತಾರು ವರ್ಷಗಳ ಹಿಂದೆ, ಹದಿನೇಳು ದಿನ ಹೆಣಗಾಡಿ, ದೊಡ್ಡಮ್ಮ ಅರವತ್ನಾಲ್ಕು ಬೈಟುಗಳನ್ನು ಹಿಡಿದರು.

ಹೀಗೆ ಆರಂಭಿಸಬಹುದೇ, ಓದುಗ ಮಹಾಶಯರೇ? ಹುಲಿ ಹಿಡಿದವರಿಗೆ ಒಪ್ಪುವ ಗತ್ತು ಇದು. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಚಿಟಿಕೆ ಜಾಗದಷ್ಟು ಚಿಕ್ಕ ಪದಾರ್ಥಕ್ಕೆ ತುಸು ಅತಿಯಾಯಿತೇನೋ. (ದೊಡ್ಡಮ್ಮ ಕಥೆಗಾರನಿಗೇನೂ ದೊಡ್ಡಮ್ಮನಲ್ಲ. ಎದುರಿಗೆ ಕುಳಿತು ಕಿತ್ತಳೆ ಸುಲಿಯುತ್ತಿರುವ ಅವರ ತಂಗಿಯ ಮಗಳು ಹಾಗೆ ಕರೆಯುತ್ತಾಳೆ. ಕಥೆಗಾರ ಆ ಸಲಿಗೆಯನ್ನು ಕದ್ದಿದ್ದಾನೆ.)

೨

ಮೊದಲ ಕರಡು: ‘ನಡುರಾತ್ರಿ. ಒಂಟಿ ದೀಪ. ಪರದೆಯ ಮೇಲೆ ನೆಟ್ಟ ಎರಡು ಕಣ್ಣುಗಳು...’

“ಯಾವ ನಡುರಾತ್ರಿ? ಮಧ್ಯಾಹ್ನ ಮೂರು ಗಂಟೆ,” ಎಂದರು ದೊಡ್ಡಮ್ಮ. “ಊಟ ಆಗಿತ್ತು, ತೂಕಡಿಕೆ ಬರ್ತಿತ್ತು. ಇದ್ದದ್ದು ಬರೀರಿ.”

ಕರಡು ಬುಟ್ಟಿಗೆ ಹೋಯಿತು. ಒಂಟಿ ದೀಪದ ಬಗ್ಗೆ ಕಥೆಗಾರನಿಗೆ ಈಗಲೂ ಮರುಕವಿದೆ.

೩

ಇದ್ದದ್ದು ಇದು. ರೋಗಿಯ ಹಾಸಿಗೆಯ ಪಕ್ಕ ನಿಂತು ಎದೆಬಡಿತ ಎಣಿಸುವ ಒಂದು ಯಂತ್ರ. ಅದರ ಕೋಡ್ ಸರಿನೋಡುವುದು ದೊಡ್ಡಮ್ಮನ ಕೆಲಸ. ಅದರೊಳಗೊಂದು ಕರ್ನಲ್, ಅಂದರೆ ಕೇಳಿದವರಿಗೆಲ್ಲ ಮೆಮೊರಿಯಲ್ಲಿ ಜಾಗ ಹಂಚುವ ಯಜಮಾನ. ಕೆಲಸ ಮುಗಿದ ಮೇಲೆ ಯಾರಾದರೂ ಜಾಗ ಬಿಟ್ಟುಕೊಡದಿದ್ದರೆ ಅದೇ ಸೋರಿಕೆ. ಈ ಯಂತ್ರದಲ್ಲಿ ಖಾಲಿ ಜಾಗ ದಿನದಿನಕ್ಕೂ ಕುಗ್ಗಿ, ಒಂಬತ್ತನೆಯ ದಿನ ಅದು ಮೂಕವಾಗುತ್ತಿತ್ತು. ಆದರೆ ಸೋರಿಕೆ ಹುಡುಕುವ ಶೋಧಕವೆಂಬ ಪ್ರೋಗ್ರಾಂ ಮಾತ್ರ ‘ಏನೂ ಇಲ್ಲ’ ಎಂದೇ ಸಾಧಿಸುತ್ತಿತ್ತು. ಅಂದು ಸಂಜೆ ಐದು ಗಂಟೆಯೊಳಗೆ ಸೋರಿಕೆ ತೋರಿಸದಿದ್ದರೆ ‘ಸೋರಿಕೆ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಕೆಂದು ಮೇಲಧಿಕಾರಿ ಹೇಳಿಹೋಗಿದ್ದರು. ಮರುದಿನ ಯಂತ್ರಗಳು ಆಸ್ಪತ್ರೆಗಳಿಗೆ ಹೊರಡಲಿದ್ದವು. ಅವುಗಳೊಡನೆ ದೊಡ್ಡಮ್ಮನ ಹೆಸರೂ.

೩, ಮತ್ತೊಮ್ಮೆ

(ಶೋಧಕದ ಸ್ವಭಾವವನ್ನು ಹೇಳದೆ ಮುಂದೆ ಹೋದರೆ ಓದುಗರು ಕಥೆಗಾರನ ಕಿವಿ ಹಿಂಡುತ್ತಾರೆ.) ಅದು ಮೆಮೊರಿಯ ಮೂಲೆಮೂಲೆಯನ್ನೂ ತಡಕುತ್ತದೆ. ಒಂದು ತುಂಡು ಜಾಗದ ವಿಳಾಸ ಎಲ್ಲಾದರೂ ಬರೆದಿರುವುದು ಕಂಡರೆ, ಅದು ಯಾರಿಗೋ ಬೇಕಾಗಿದೆ ಎಂದು ಸುಮ್ಮನಾಗುತ್ತದೆ. ಎಲ್ಲೂ ಕಾಣದಿದ್ದರೆ ಮಾತ್ರ ‘ಸೋರಿಕೆ’ ಎಂದು ಕೂಗುತ್ತದೆ.

ದೊಡ್ಡಮ್ಮ ಅಚ್ಚುಕಟ್ಟಿನ ಹೆಂಗಸು. ಸೋರಿಕೆ ಹಿಡಿಯಲೆಂದು ಮೊದಲ ದಿನವೇ, ಹಂಚಿಹೋದ ಒಂದೊಂದು ತುಂಡಿನ ವಿಳಾಸವನ್ನೂ ತಪ್ಪದೆ ಪಟ್ಟಿಮಾಡುವಂತೆ ಕರ್ನಲ್‌ಗೇ ಕೋಡ್ ಸೇರಿಸಿದ್ದರು. ಆ ಪಟ್ಟಿಯನ್ನು ಮೀಸೆ ಮೇಷ್ಟ್ರು ಇಣುಕಿ ನೋಡಿದರು. ಯಂತ್ರದ ತಂತಿಗಳೊಡನೆ ಮಾತಾಡುವ ಕೋಡ್ ಅವರದು. ಅಡ್ಡಹೆಸರು ಮೀಸೆಗೆ ಸಂದದ್ದು.

“ಅಕ್ಕಾ, ಮದುವೆಗೆ ಕರೆಯೋರ ಪಟ್ಟಿಗಿಂತ ಉದ್ದ ಇದೆಯಲ್ಲ. ಎಲ್ಲಿಟ್ಟಿದ್ದೀರಿ ಇದನ್ನ?”

“ಎಲ್ಲಿಡ್ತಾರೆ? ಇದೇ ಮೆಮೊರಿಯಲ್ಲಿ.”

ತಮ್ಮ ಮಾತು ತಮ್ಮ ಕಿವಿಗೇ ಬಿದ್ದು ದೊಡ್ಡಮ್ಮನ ತೂಕಡಿಕೆ ಹಾರಿಹೋಯಿತು. ಎಲ್ಲರೂ ಮರೆತ ಜಾಗವನ್ನು ಅವರ ಪಟ್ಟಿಯೊಂದೇ ನೆನಪಿಟ್ಟುಕೊಂಡಿತ್ತು. ಅದನ್ನು ಕಂಡ ಶೋಧಕ ಹದಿನೇಳು ದಿನವೂ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು.

ಪಟ್ಟಿ ಕಿತ್ತರು. ಶೋಧಕ ಓಡಿತು. ನಾಲ್ಕೂ ಇಪ್ಪತ್ತಕ್ಕೆ ಒಂದೇ ಸಾಲು ಮೂಡಿತು: ಅರವತ್ನಾಲ್ಕು ಬೈಟು, ಅದರ ವಿಳಾಸ. ಎದೆಬಡಿತ ಅಳೆಯುತ್ತಿರುವಾಗಲೇ ರೋಗಿಯ ಮೈಯಿಂದ ತಂತಿ ಕಿತ್ತುಬಂದರೆ, ಪ್ರತಿ ಸಲವೂ ಅಷ್ಟು ಜಾಗ ಸೋರುತ್ತಿತ್ತು. ತಪ್ಪು ಇದ್ದದ್ದು ಮೀಸೆ ಮೇಷ್ಟ್ರ ಕೋಡಿನಲ್ಲೇ.

೪

ಮುಕ್ತಾಯ ಅ: ಮೇಲಧಿಕಾರಿ ಎದ್ದುನಿಂತು ಚಪ್ಪಾಳೆ ತಟ್ಟಿದರು.

“ಸುಳ್ಳು. ದುರಸ್ತಿ ಆದ್ಮೇಲೆ ಸಹಿಗೆ ಆ ಕಾಗದ ಇನ್ನೊಂದು ಪ್ರತಿ ತೆಗೀರಿ ಅಂದ್ರು, ಅಷ್ಟೆ.”

ಮುಕ್ತಾಯ ಆ: ಸಾಲು ಯಂತ್ರಗಳ ನಡುವೆ ದೊಡ್ಡಮ್ಮನೂ ಮೀಸೆ ಮೇಷ್ಟ್ರೂ ಕೈಕೈ ಹಿಡಿದು ಕುಣಿದರು.

“ಅದು ನಿಜ. ಆದ್ರೆ ಬರೀಬೇಡಿ.”

(ಬರೆದಾಯಿತು.)

ಮುಕ್ತಾಯ ಇ: ಯಂತ್ರಗಳು ಇಪ್ಪತ್ತು ದಿನ ತಡವಾಗಿ ಹೊರಟವು. ದುರಸ್ತಿಯಾದ ಕೋಡಿಗೆ ಅದೇ ಕಾಗದ ಬಂದಾಗ ದೊಡ್ಡಮ್ಮ ‘ಸೋರಿಕೆ ಇಲ್ಲ’ ಎಂಬುದನ್ನು ಹೊಡೆದುಹಾಕಿ, ‘ನಾನು ಹುಡುಕಿದಷ್ಟರಲ್ಲಿ ಸಿಕ್ಕಿಲ್ಲ’ ಎಂದು ಬರೆದು ಸಹಿ ಹಾಕಿದರು.

ಹಾಗಾದರೆ ಇಲ್ಲಿಗೆ ಮುಗಿಯಿತೆಂದು ಬರೆಯಲೇ ಎಂದು ಕಥೆಗಾರ ವಿನಯದಿಂದ ಕೇಳಿದನು.

“ಮುಗೀತು ಅಂತ ನಿಮಗೆ ಹೇಗೆ ಗೊತ್ತು? ನೀವು ಬರೆದಷ್ಟರಲ್ಲಿ ಇಷ್ಟು ಅನ್ನಿ,” ಎಂದರು ದೊಡ್ಡಮ್ಮ.

ಹುಡುಗಿಗೆ ಈ ಚರ್ಚೆಯ ಗೊಡವೆಯೇ ಇರಲಿಲ್ಲ. ಸುಲಿದ ಕಿತ್ತಳೆಯನ್ನು ದೊಡ್ಡಮ್ಮನ ಕೈಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಇನ್ನೊಂದ್ಸಲ ಹೇಳು ದೊಡ್ಡಮ್ಮ. ಕುಣಿದದ್ದರಿಂದ ಶುರು ಮಾಡು.”